ಮಿದುಳಿನ ತಳವಾರರು

'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯನ್ನರಿಯದ ಕನ್ನಡಿಗರಿಲ್ಲ. ಮನೆಯ ಹಿರಿಯರು ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುವಾಗ ನಾವು ಈ ಮಾತನ್ನಾಡಿ ನಗುತ್ತೇವೆ. ನಗುವುದಕ್ಕೆ ಅಡ್ಡಿಯಿಲ್ಲ. ಆದರೆ ನಿನ್ನೆಯವರೆಗೆ ಸರಿಯಾಗಿದ್ದ ಅಜ್ಜಿ ಇಂದು ಸಂಜೆ ಮಗನ ಗುರುತು ಹಿಡಿಯದೆ, ಎದುರಿಗಿಲ್ಲದ ಜನರೊಡನೆ ಮಾತನಾಡತೊಡಗಿದರೆ, ಅದಕ್ಕೂ ಅದೇ ಗಾದೆಯನ್ನು ಹೇಳಿ ಸುಮ್ಮನಿರುವುದು ಅಪಾಯಕರ. ಏಕೆಂಬುದನ್ನು ತಿಳಿಯಬೇಕಾದರೆ ಮಿದುಳಿನಲ್ಲಿ ನೆಲೆಸಿರುವ ಒಂದು ಬಗೆಯ ಕಾವಲುಗಾರರ ಪರಿಚಯ ನಮಗಿರಬೇಕು.

ಮಿದುಳೆಂದರೆ ಯೋಚಿಸುವ ನರಕಣಗಳ ಮುದ್ದೆ ಎಂದೇ ಬಹುಮಂದಿಯ ತಿಳಿವಳಿಕೆ. ಅದರಲ್ಲಿ ಶೇಕಡಾ 5ರಿಂದ 10ರಷ್ಟು ಜೀವಕಣಗಳ ಕೆಲಸ ಯೋಚಿಸುವುದಲ್ಲ, ಕಾಯುವುದು. ಇವುಗಳ ಹೆಸರು ಮೈಕ್ರೋಗ್ಲಿಯಾ. ಸ್ಪೇನ್ ದೇಶದ ಪೀಯೋ ದೆಲ್ ರಿಯೋ ಒರ್ತೇಗಾ ಎಂಬ ವಿಜ್ಞಾನಿ ಬೆಳ್ಳಿಯ ಲವಣದಿಂದ ಇವಕ್ಕೆ ಬಣ್ಣ ಕಟ್ಟಿ, 1919ರಲ್ಲಿ ಲೋಕಕ್ಕೆ ಪರಿಚಯ ಮಾಡಿಕೊಟ್ಟರು. ಇವು ಮಿದುಳಿನಲ್ಲಿ ಹುಟ್ಟಿದವಲ್ಲ, ಹೊರಗಿನಿಂದ ಬಂದು ಸೇರಿದವು ಎಂದೂ ಅವರು ಹೇಳಿದ್ದರು. ಆ ಮಾತು ನಿಜವೆಂದು ಇಲಿಗಳ ಮೇಲೆ ನಡೆದ ಸಂಶೋಧನೆಯಿಂದ 2010ರಲ್ಲಿ ಖಚಿತವಾಯಿತು. ಭ್ರೂಣದ ಆರಂಭದ ದಿನಗಳಲ್ಲಿ ಅದಕ್ಕೆ ಅಂಟಿಕೊಂಡಿರುವ ಹಳದಿ ಚೀಲದಲ್ಲಿ ಹುಟ್ಟಿ, ಅಲ್ಲಿಂದ ಹೊರಟು, ಇನ್ನೂ ರೂಪುಗೊಳ್ಳುತ್ತಿರುವ ಮಿದುಳನ್ನು ಹೊಕ್ಕು, ಅಲ್ಲಿಯೇ ಬೇರೂರುತ್ತವೆ. ಊರು ಬಿಟ್ಟು ಬಂದು ನೆಲೆನಿಂತ ನಮ್ಮಂಥವರಿಗೆ ಈ ಸಂಗತಿ ವಿಚಿತ್ರವೆನಿಸಲಾರದು.

ಬಂದವು ಸುಮ್ಮನೆ ಕುಳಿತಿರುತ್ತವೆಯೇ? ರೋಗವಿಲ್ಲದ ಹೊತ್ತಿನಲ್ಲಿ ಇವು ಮಲಗಿರುತ್ತವೆಂದೇ ಹಿಂದೆ ಭಾವಿಸಿದ್ದರು. 2005ರಲ್ಲಿ ಜೀವಂತ ಇಲಿಯ ಮಿದುಳನ್ನು ಹೊಸ ಬಗೆಯ ಸೂಕ್ಷ್ಮದರ್ಶಕದಿಂದ ನೋಡಿದಾಗ ಕಂಡುದೇ ಬೇರೆ. ಕಣದ ಒಡಲು ಇದ್ದಲ್ಲಿಯೇ ಇದ್ದು, ಅದರ ಎಳೆಯಂಥ ಕೈಗಳು ಎಡೆಬಿಡದೆ ಚಾಚುತ್ತ, ಹಿಂದೆಗೆಯುತ್ತ, ಸುತ್ತಣ ಜಾಗವನ್ನೆಲ್ಲ ತಡವಿ ನೋಡುತ್ತಿದ್ದವು. ಹಳ್ಳಿಯ ತಳವಾರ ರಾತ್ರಿ ಗಸ್ತು ತಿರುಗುವಂತೆ ಕೆಲವೇ ಗಂಟೆಗಳಲ್ಲಿ ತಮ್ಮ ಪಾಲಿನ ಮೂಲೆಮೂಲೆಯನ್ನೂ ಇವು ಮುಟ್ಟಿ ಬರುತ್ತವೆ. ಎಲ್ಲಾದರೂ ಗಾಯವಾದರೆ ನಿಮಿಷಗಳಲ್ಲಿ ಕೈಗಳೆಲ್ಲ ಅತ್ತ ತಿರುಗುತ್ತವೆ. ಸತ್ತ ಕಣಗಳನ್ನೂ ಕಸವನ್ನೂ ನುಂಗಿ ಶುಚಿಗೊಳಿಸುವುದು ಇವುಗಳದೇ ಕೆಲಸ. ಬೆಳೆಯುವ ಮಿದುಳಿನಲ್ಲಿ, ಮಾಲಿಯು ಗಿಡದ ಹೆಚ್ಚಿನ ರೆಂಬೆಗಳನ್ನು ಸವರುವಂತೆ, ನರಕಣಗಳ ನಡುವಣ ಬೇಡವಾದ ಸಂಪರ್ಕಗಳನ್ನು ಇವು ಕತ್ತರಿಸುವುದೂ 2011 ಮತ್ತು 2012ರಲ್ಲಿ ಇಲಿಗಳಲ್ಲಿ ಕಂಡುಬಂದಿತು.

ತಳವಾರನು ಕೆಲಸ ಬಿಟ್ಟರೂ ಕಷ್ಟ, ಅತಿಯಾಗಿ ಮಾಡಿದರೂ ಕಷ್ಟ. ಮರೆವಿನ ರೋಗವಾದ ಆಲ್‌ಝೈಮರ್‌ನಲ್ಲಿ ಈ ಎರಡನ್ನೂ ಕಾಣಬಹುದು. ಮಿದುಳಿನಲ್ಲಿ ಒಂದು ಬಗೆಯ ಸಸಾರಜನಕ ಪದಾರ್ಥ ಗಂಟುಗಟ್ಟಿದಾಗ ಮೈಕ್ರೋಗ್ಲಿಯಾಗಳು ಅದರ ಸುತ್ತ ಬೇಲಿ ಕಟ್ಟಿ ನಿಲ್ಲುತ್ತವೆ. ಇವು ಕಸವನ್ನು ಗುರುತಿಸಲು ನೆರವಾಗುವ ಟ್ರೆಮ್-2 ಎಂಬ ಜೀನಿನ ಒಂದು ದೋಷವಿದ್ದವರಿಗೆ ಆಲ್‌ಝೈಮರ್ ತಗಲುವ ಸಂಭವ ಸುಮಾರು 3 ಪಟ್ಟು ಹೆಚ್ಚೆಂದು 2013ರಲ್ಲಿ ಪ್ರಕಟವಾಯಿತು. ಅಂದರೆ ಕಾವಲು ಸಡಿಲವಾದರೆ ಕೇಡು. ಇನ್ನೊಂದು ಕಡೆ, ಬಹುಕಾಲ ಕೆರಳಿಯೇ ಇದ್ದ ಮೈಕ್ರೋಗ್ಲಿಯಾಗಳು ಉರಿಯೂತದ ರಸಗಳನ್ನು ಸುರಿಸಿ, ಒಳ್ಳೆಯ ನರಕಣಗಳಿಗೂ ಹಾನಿ ಮಾಡುತ್ತವೆ.

ಈಗ ಅಜ್ಜಿಯ ವಿಷಯಕ್ಕೆ ಬರೋಣ. ವಯಸ್ಸಾದಂತೆ ಈ ಕಾವಲುಗಾರರು ಮುಂಗೋಪಿಗಳಾಗುತ್ತಾರೆ. ಮೂತ್ರಕೋಶದಲ್ಲಿಯೋ ಶ್ವಾಸಕೋಶದಲ್ಲಿಯೋ ಸೋಂಕಾದರೆ, ಕ್ರಿಮಿಗಳು ಮಿದುಳನ್ನು ಮುಟ್ಟದಿದ್ದರೂ, ಅದರ ಸುದ್ದಿ ರಕ್ತದ ಮೂಲಕ, ನರಗಳ ಮೂಲಕ ಅಲ್ಲಿಗೆ ತಲಪುತ್ತದೆ. ಎಳೆಯ ಇಲಿಗಳ ಮಿದುಳು ಅಂಥ ಸುದ್ದಿಗೆ ಅಳತೆಯಲ್ಲಿ ಉತ್ತರ ಕೊಟ್ಟರೆ, ಮುದಿ ಇಲಿಗಳ ಮಿದುಳು ಅತಿಯಾಗಿ ಕೆರಳುವುದನ್ನು ಪ್ರಯೋಗಗಳು ತೋರಿಸಿವೆ. ಮುಪ್ಪಿನಲ್ಲಿ ಸಣ್ಣ ಸೋಂಕಿಗೂ ಬುದ್ಧಿ ಕದಡುವುದಕ್ಕೆ ಇದೊಂದು ಮುಖ್ಯ ಕಾರಣವೆಂದು ವೈದ್ಯರು ಎಣಿಸುತ್ತಾರೆ. ನಮ್ಮ ಹಿಂದಿನವರು ಇದನ್ನು 'ಸನ್ನಿ' ಎಂದರು. ವೈದ್ಯರು ಡೆಲಿರಿಯಂ ಎನ್ನುತ್ತಾರೆ.

ಅರಳುಮರಳಿಗೂ ಸನ್ನಿಗೂ ಇರುವ ಭೇದವನ್ನು ಮನೆಯವರು ಚೆನ್ನಾಗಿ ನೆನಪಿಡಬೇಕು. ಮರೆವಿನ ರೋಗವು ಸಾಮಾನ್ಯವಾಗಿ ತಿಂಗಳುಗಳಲ್ಲಿ, ವರ್ಷಗಳಲ್ಲಿ ಮೆಲ್ಲನೆ ಬರುತ್ತದೆ. ಸನ್ನಿಯು ಗಂಟೆಗಳಲ್ಲಿ, ದಿನಗಳಲ್ಲಿ ಬರುತ್ತದೆ; ಬೆಳಗ್ಗೆ ಕಡಮೆಯಾದಂತೆ ಕಂಡು ರಾತ್ರಿ ಹೆಚ್ಚುವುದುಂಟು. ಕೆಲವರು ಕೂಗಾಡದೆ ಮಂಕಾಗಿ ಮಲಗಿಬಿಡುತ್ತಾರೆ. ಹಿರಿಯರಿಗೆ ಸೋಂಕಾದರೂ ಮೈ ಬಿಸಿಯಾಗದಿರಬಹುದು. ಬುದ್ಧಿ ಕದಡಿದುದೇ ಮೊದಲ ಗುರುತಾಗಬಹುದು. ಮೈಯಲ್ಲಿ ನೀರು ಕಡಮೆಯಾದರೂ, ಹೊಸದಾಗಿ ಕೊಟ್ಟ ಔಷಧ ಒಗ್ಗದಿದ್ದರೂ ಹೀಗಾಗುವುದುಂಟು. ಆದುದರಿಂದ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕಾರಣವನ್ನು ಬೇಗ ಹಿಡಿದು ಚಿಕಿತ್ಸೆ ಮಾಡಿದರೆ ಬಹುಮಂದಿ ಚೇತರಿಸಿಕೊಳ್ಳುತ್ತಾರೆ. ತಡಮಾಡಿದರೆ ಜೀವಕ್ಕೇ ಅಪಾಯ.

ಊರಿನಿಂದ ತಂದೆತಾಯಿಗಳನ್ನು ಕರೆಸಿಕೊಂಡಿರುವ ನಮ್ಮ ಕುಟುಂಬಗಳು ಇನ್ನೊಂದನ್ನು ಗಮನಿಸಬೇಕು. 'ಇವರು ಮೊದಲು ಹೇಗಿದ್ದರು?' ಎಂಬುದು ವೈದ್ಯರ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಊರಿಗೆ ಫೋನು ಮಾಡಿ ಕೇಳಿರಿ. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಿರಿ. ಕನ್ನಡಕ, ಕಿವಿಯ ಯಂತ್ರಗಳನ್ನು ಮರೆಯದಿರಿ. ಮುಂಬಯಿಯ ಆಸ್ಪತ್ರೆಯಲ್ಲಿ ಮರಾಠಿಯಲ್ಲಿಯೋ, ಮದರಾಸಿನದಾದರೆ ತಮಿಳಿನಲ್ಲಿಯೋ ನರ್ಸು ಎಷ್ಟು ಒಲವಿನಿಂದ ಕೇಳಿದರೂ, ಬುದ್ಧಿ ಕದಡಿದ ಅಜ್ಜಿಗೆ ಅದು ಇನ್ನಷ್ಟು ಗಾಬರಿಯನ್ನೇ ತಂದೀತು. ಮಂಚದ ಬಳಿ ಮನೆಯವರೊಬ್ಬರು ಕುಳಿತು, ಇದು ಯಾವ ಊರು, ಇಂದು ಯಾವ ವಾರ, ಮನೆಗೆ ಯಾವಾಗ ಹೋಗುವುದು ಎಂದು ಕನ್ನಡದಲ್ಲಿ ಮೆಲ್ಲನೆ ಹೇಳುತ್ತಿರಬೇಕು. ಇದು ಬರಿಯ ಸಮಾಧಾನದ ಮಾತಲ್ಲ. ಸನ್ನಿಗೆ ವೈದ್ಯಶಾಸ್ತ್ರವು ಹೇಳುವ ಶುಶ್ರೂಷೆಯ ಒಂದು ಭಾಗವೇ ಆಗಿದೆ.