ಶಬ್ದವಿವೇಕ: 'ಇನ್' ಎಂಬ ಉಪಸರ್ಗದ ಮೋಸ

ಇಂಗ್ಲೀಷು ಭಾಷೆಯಲ್ಲಿ ಒಂದರಂತೆ ಇನ್ನೊಂದು ತೋರುವ ಶಬ್ದಗಳು ಬಹಳ. ಅವುಗಳಲ್ಲಿ ಹೆಚ್ಚಿನವನ್ನು ತಪ್ಪಾಗಿ ತಿಳಿದರೆ ನಗೆಗೀಡಾಗುವೆವು, ಅಷ್ಟೆ. ಆದರೆ ತಪ್ಪಾಗಿ ತಿಳಿದರೆ ಮನೆಯೇ ಸುಟ್ಟುಹೋಗಬಹುದಾದ ಶಬ್ದವೊಂದುಂಟು. ಅದು 'ಇನ್‌ಫ್ಲ್ಯಾಮಬಲ್'. ಈ ತಿಂಗಳು ಅದನ್ನೇ ವಿಚಾರಿಸೋಣ.

'ವಿಸಿಬಲ್' ಎಂದರೆ ಕಾಣುವಂಥದು. 'ಇನ್‌ವಿಸಿಬಲ್' ಎಂದರೆ ಕಾಣದಂಥದು. 'ಕಂಪ್ಲೀಟ್' ಎಂದರೆ ಪೂರ್ಣ. 'ಇನ್‌ಕಂಪ್ಲೀಟ್' ಎಂದರೆ ಅಪೂರ್ಣ. ಇದೇ ದಾರಿ ಹಿಡಿದವರು, 'ಫ್ಲ್ಯಾಮಬಲ್' ಎಂದರೆ ಬೆಂಕಿ ಹತ್ತುವಂಥದು, 'ಇನ್‌ಫ್ಲ್ಯಾಮಬಲ್' ಎಂದರೆ ಹತ್ತದಂಥದು ಎಂದು ಊಹಿಸುವುದು ಸಹಜ. ಆದರೆ ಎರಡಕ್ಕೂ ಅರ್ಥ ಒಂದೇ: ಸುಲಭವಾಗಿ ಬೆಂಕಿ ಹತ್ತತಕ್ಕದ್ದು.

ಕಾರಣವೇನೆಂದರೆ, ಲ್ಯಾಟಿನ್ನಿನಿಂದ ಬಂದ 'ಇನ್' ಎರಡು ಬಗೆ. ಒಂದು ನಿಷೇಧಾರ್ಥಕ, ಮತ್ತೊಂದು 'ಒಳಗೆ' ಎಂಬ ಅರ್ಥದ್ದು, ಕ್ರಿಯೆಗೆ ಬಲ ಕೊಡುವಂಥದು. ಮೈ ಕೆಂಪೇರಿ ಬಾತು ಉರಿಯುವುದಕ್ಕೆ ವೈದ್ಯರು ಹೇಳುವ 'ಇನ್‌ಫ್ಲಮೇಶನ್' ಎಂಬ ಮಾತಿನಲ್ಲಿಯೂ ಇರುವುದು ಈ ಎರಡನೆಯದೇ. ನಮಗೆ ಇದು ಹೊಸತಲ್ಲ. 'ವಿಫಲ' ಎಂಬಲ್ಲಿ 'ವಿ'ಯು ಫಲವಿಲ್ಲವೆನ್ನುತ್ತದೆ. 'ವಿಖ್ಯಾತ' ಎಂಬಲ್ಲಿ ಅದೇ 'ವಿ'ಯು ಖ್ಯಾತಿಯನ್ನು ಹೆಚ್ಚಿಸುತ್ತದೆ. ವಿಖ್ಯಾತನನ್ನು ಖ್ಯಾತಿಯಿಲ್ಲದವನೆಂದು ನಾವು ಎಂದೂ ತಿಳಿಯೆವು.

ಈ ಗೊಂದಲದ ಅಪಾಯವನ್ನು ಕಂಡೇ ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘವು ೧೯೨೦ರ ದಶಕದಲ್ಲಿ 'ಫ್ಲ್ಯಾಮಬಲ್' ಎಂಬುದನ್ನೇ ಬಳಸಬೇಕೆಂದು ಒತ್ತಾಯಿಸಿತು. ಬ್ರಿಟನ್ನಿನ ಮಾನಕ ಸಂಸ್ಥೆಯು ೧೯೫೯ರಲ್ಲಿ ಅದೇ ಮಾರ್ಗವನ್ನು ಹಿಡಿಯಿತು. ಆದರೂ ನಮ್ಮ ರಸ್ತೆಗಳಲ್ಲಿ ಓಡುವ ಪೆಟ್ರೋಲು ಟ್ಯಾಂಕರುಗಳ ಮೇಲೆ 'ಇನ್‌ಫ್ಲ್ಯಾಮಬಲ್' ಎಂಬ ಹಳೆಯ ಶಬ್ದವನ್ನು ಈಗಲೂ ಕಾಣಬಹುದು. ಸ್ಪಿರಿಟ್, ಥಿನ್ನರ್ ಮುಂತಾದವುಗಳ ಡಬ್ಬಿ ಸೀಸೆಗಳ ಮೇಲೆ ಎರಡು ಶಬ್ದಗಳೂ ಕಾಣುವುದುಂಟು.

ಇಂಥವುಗಳಲ್ಲಿ ಹೊತ್ತಿಕೊಳ್ಳುವುದು ದ್ರವವಲ್ಲ, ಅದರಿಂದೇಳುವ ಆವಿ. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಡಿ, ದೂರದ ಒಲೆಯನ್ನೂ ಮುಟ್ಟಬಲ್ಲದು. ಆದಕಾರಣ ಈ ಎರಡರಲ್ಲಿ ಯಾವ ಶಬ್ದ ಕಂಡರೂ ಆ ವಸ್ತುವನ್ನು ಒಲೆ ದೀಪಗಳಿಂದ ದೂರವಿಡತಕ್ಕದ್ದು. ಬೆಂಕಿ ಹತ್ತದ ವಸ್ತುವಿಗೆ 'ನಾನ್‌ಫ್ಲ್ಯಾಮಬಲ್' ಎಂಬ ಬೇರೆ ಶಬ್ದವಿದೆ. 'ಇನ್' ಇರಲಿ, ಇಲ್ಲದಿರಲಿ, ಮೊದಲಿಗೆ 'ನಾನ್' ಎಂಬುದು ಇಲ್ಲದಿದ್ದರೆ ಬೆಂಕಿಯ ಭಯವುಂಟೆಂದೇ ತಿಳಿಯಬೇಕು. ಇಂಗ್ಲೀಷು ಬಾರದ ಮನೆಮಂದಿಗೂ ಕೆಲಸದವರಿಗೂ ತಿಳಿಯುವಂತೆ, ಅಂಥ ಡಬ್ಬಿಯ ಮೇಲೆ 'ಬೆಂಕಿ ಹತ್ತುತ್ತದೆ, ಜೋಕೆ' ಎಂದು ಕನ್ನಡದಲ್ಲಿ ಬರೆದು ಅಂಟಿಸುವುದು ಇನ್ನೂ ಮೇಲು.