ಫಲಿತಾಂಶಕ್ಕೆ ಮಾತ್ರ ಜಿಲ್ಲೆಯೇ?

ಕಂದಾಯದ ಲೆಕ್ಕದಲ್ಲಿ ಮಧುಗಿರಿ ತುಮಕೂರಿನ ಒಂದು ತಾಲ್ಲೂಕು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದೇ ಒಂದು ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕನ್ನೂ ಸೇರಿಸಿ ಶೈಕ್ಷಣಿಕ ಜಿಲ್ಲೆ ಎಂದರು, ಬೆಟ್ಟದ ಬುಡದ ಮಧುಗಿರಿಯಲ್ಲಿ ಉಪನಿರ್ದೇಶಕರ ಕಚೇರಿ ತೆರೆದರು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಾವು ಮೇಷ್ಟ್ರುಗಳು, ಮಿಸ್ಸುಗಳು ಮೊದಲು ಹುಡುಕುವುದು ಮಧುಗಿರಿ ಎಷ್ಟನೇ ಸ್ಥಾನ ಎಂದು. ನಿವೃತ್ತಳಾದ ಮೇಲೂ ನನಗೆ ಆ ಚಾಳಿ ಬಿಟ್ಟಿಲ್ಲ.

ಆದರೆ ಮಾತು ಬಾರದ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ವಿಕಲಚೇತನರ ಪ್ರಮಾಣಪತ್ರಕ್ಕೆ ಹೊರಟ ತಾಯಿಗೆ ಇದು ಜಿಲ್ಲೆಯಲ್ಲ. ಜಿಲ್ಲಾ ಆಸ್ಪತ್ರೆ ತುಮಕೂರಿನಲ್ಲಿದೆ. ಪಾವಗಡದಿಂದ ಹೆಚ್ಚುಕಡಿಮೆ ನೂರು ಕಿಲೋಮೀಟರು. ಅಲ್ಲಿ ತೀರ್ಮಾನವಾಗದಿದ್ದರೆ ಬೆಂಗಳೂರಿನ ನಿಮ್ಹಾನ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ತಾಯಿ ದುಡ್ಡು ಕೊಡಬೇಕಿಲ್ಲ, ಪುಣ್ಯ. ಮಗ ಶಾಲೆಗೆ ಹೋಗುವಷ್ಟು ದೊಡ್ಡವನಾಗಿದ್ದರೆ ಅರ್ಧ ಟಿಕೆಟ್ಟು ತೆಗೆಯಲೇಬೇಕು. ಅವನಿಗೆ ಪಾಸು ಬೇಕೆಂದರೆ ಪ್ರಮಾಣಪತ್ರ ಬೇಕು; ಪ್ರಮಾಣಪತ್ರ ಬೇಕೆಂದರೆ ಬಸ್ಸು ಹತ್ತಬೇಕು. ಒಂದು ಸಲಕ್ಕೆ ಮುಗಿಯುವ ಕೆಲಸವೂ ಅಲ್ಲ.

ನಾನು ಈ ತಾಯಂದಿರ ಪರ ಮಾತಾಡುವ ಮುನ್ನ ನನ್ನ ತಪ್ಪು ಹೇಳಿಬಿಡುತ್ತೇನೆ. ನನ್ನ ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬಾಯಿಲೆಕ್ಕದಲ್ಲಿ ಚೂಟಿ. ಕಡಲೆಕಾಯಿ ಮೂಟೆ ಇಷ್ಟು, ಧಾರಣೆ ಇಷ್ಟು ಎಂದರೆ ನಾನು ಬೆರಳು ಮಡಿಸುವುದರೊಳಗೆ ಉತ್ತರ ಹೇಳುತ್ತಿದ್ದ. ಸ್ಲೇಟು ಹಿಡಿದರೆ ಬೇರೆಯೇ ಹುಡುಗ. ಅಕ್ಕ ಎಂದು ಹೇಳಿದರೆ ಅಕ ಎಂದು ಬರೆಯುವನು. ಒತ್ತಕ್ಷರ ಎಲ್ಲಿ ಹೋಯಿತೋ ಎಂದರೆ ತಂದು ಬೇರೆ ಅಕ್ಷರದ ಕೆಳಗೆ ಇಡುವನು. ಪ, ಷ, ವ, ಮ ನಾಲ್ಕೂ ಅವನ ಕಣ್ಣೆದುರು ಒಂದರ ವೇಷ ಇನ್ನೊಂದು ಹಾಕಿಕೊಂಡು ಕುಣಿಯುತ್ತಿದ್ದವೇನೋ. ನಾನು ಕಿವಿ ಹಿಂಡಿದೆ. ನೂರು ಸಲ ಬರೆಸಿದೆ. ಕೊನೆಗೆ ಅವನ ತಾಯಿಯನ್ನು ಕರೆಸಿ, ನಲವತ್ತು ಮಕ್ಕಳ ಮುಂದೆ, ‘ಮನೇಲಿ ಏನಮ್ಮ ನೋಡ್ಕೋತೀಯ ನೀನು?’ ಅಂದೆ. ಆಕೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನಿಂತಿದ್ದಳು. ಐದನೇ ತರಗತಿಗೆ ಹುಡುಗ ಬರಲಿಲ್ಲ, ಕುರಿ ಹಿಂದೆ ಹೋದ. ಡಿಸ್ಲೆಕ್ಸಿಯಾ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಎಷ್ಟೋ ವರ್ಷಗಳ ಮೇಲೆ, ಒಂದು ತರಬೇತಿಯಲ್ಲಿ, ಊಟಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ. ಅವತ್ತಿನ ಊಟ ನನಗೆ ಇಳಿಯಲಿಲ್ಲ.

ಈಗ ಮೇ ತಿಂಗಳ ಕೊನೆಗೆ ಬರೋಣ. ಶಾಲೆ ಶುರುವಾಗುವ ದಿನ ನಮಗೆ ಪ್ರಾರಂಭೋತ್ಸವ. ಮಾವಿನ ತೋರಣ, ಬಲೂನು, ಮೈಕು, ಕೆಲವು ಕಡೆ ತಮಟೆ. ಮಕ್ಕಳ ಕೈಗೆ ಸಿಹಿ, ಪತ್ರಿಕೆಗೆ ಫೋಟೊ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ತಮಟೆಯ ಒಂದೊಂದು ಪೆಟ್ಟೂ ನೆತ್ತಿಯ ಮೇಲೆ ಬಿದ್ದಂತೆ. ಅಂಥ ಮಗು ಎರಡೂ ಕಿವಿ ಮುಚ್ಚಿಕೊಂಡು ಗೇಟಿನ ಹತ್ತಿರವೇ ನೆಲಕ್ಕೆ ಉರುಳುತ್ತದೆ. ಸುತ್ತ ನಿಂತವರು ಮಗುವನ್ನು ನೋಡುವುದಿಲ್ಲ, ತಾಯಿಯನ್ನು ನೋಡುತ್ತಾರೆ. ‘ಮೊಬೈಲ್ ಕೊಟ್ಟು ಕೆಡಿಸವ್ಳೆ.’ ‘ಎರಡು ಬಿಟ್ರೆ ಸರಿಹೋಗ್ತಾನೆ.’

ಆ ತಾಯಿಗೆ ಶಾಲೆ ಶುರುವಾಗುವುದು ಅವತ್ತಲ್ಲ. ಹದಿನೈದು ದಿನ ಮುಂಚೆಯೇ ಅವಳ ನಿದ್ದೆ ಹೋಗಿರುತ್ತದೆ. ಹೊಸ ಯೂನಿಫಾರ್ಮಿನ ಗಂಜಿ ಮಗುವಿನ ಮೈಗೆ ಚುಚ್ಚುತ್ತದೆಂದು ನಾಲ್ಕು ಸಲ ಒಗೆದು ಮೆತ್ತಗೆ ಮಾಡಿರುತ್ತಾಳೆ, ಕಾಲರಿನ ಲೇಬಲ್ಲು ಬಿಚ್ಚಿರುತ್ತಾಳೆ. ಅನ್ನದ ಮೇಲೆ ಸಾರು ಬಿದ್ದರೆ ತಿನ್ನದ ಮಗು ಬಿಸಿಯೂಟದ ಸಾಲಿನಲ್ಲಿ ಏನು ಮಾಡೀತು? ಬೆಲ್ಲು ಹೊಡೆದರೆ ಬೆದರುವುದನ್ನು ಯಾರಿಗೆ ಹೇಳುವುದು? ಹೋದ ವರ್ಷದ ಅತಿಥಿ ಶಿಕ್ಷಕಿಗೆ ಇವೆಲ್ಲ ಗೊತ್ತಿತ್ತು. ಕಿಟಕಿ ಪಕ್ಕ ಕೂರಿಸಿದರೆ ಸುಮ್ಮನಿರುತ್ತಾನೆ ಎಂದು ಅವಳೇ ಕಂಡುಹಿಡಿದಿದ್ದಳು. ಅತಿಥಿ ಶಿಕ್ಷಕರ ನೇಮಕ ವರ್ಷ ವರ್ಷಕ್ಕೂ ಹೊಸದು. ಮಾರ್ಚಿಯಲ್ಲಿ ಅವಳು ಹೋದಳು, ಅವಳ ಜೊತೆ ಆ ತಿಳಿವಳಿಕೆಯೂ ಹೋಯಿತು. ತಾಯಿ ಮತ್ತೆ ಅ ಆ ಇ ಈಯಿಂದ ಶುರುಮಾಡಬೇಕು. ಹೀಗಾಗಿ ಬಾಗಿಲಲ್ಲಿ ನಿಂತು ಅವಳು ಕೇಳುವುದು ಒಂದೇ ಪ್ರಶ್ನೆ: ‘ಈ ವರ್ಷನೂ ಇವನ್ನ ಇಟ್ಕಂತೀರಾ ಮಿಸ್?’

ಇಟ್ಟುಕೊಳ್ಳಲು ಅವನೇನು ಗಿರವಿ ಸಾಮಾನೇ? ಶಾಲೆ ಅವನದು. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಪ್ರತಿ ಶಾಲೆಯೂ ಇಂಥ ಮಗುವನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕೆಂಬುದು ಅದರ 16ನೇ ಕಲಮಿನ ಆಶಯ. ‘ನಮ್ಮಲ್ಲಿ ಆಗಲ್ಲ, ಟೀಸಿ ತಗೊಂಡು ಹೋಗಿ’ ಎನ್ನುವ ಖಾಸಗಿ ಶಾಲೆಯವರು ಇನ್ನೂ ಒಂದು ಕಾನೂನು ಓದಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಹೊಡೆಯುವಂತಿಲ್ಲ, ಮನಸ್ಸು ನೋಯಿಸುವಂತಿಲ್ಲ. ನಯವಾಗಿ ಕೊಟ್ಟ ಟೀಸಿಯೂ ಹೊರಹಾಕುವುದೇ. ಎಡಿಎಚ್‌ಡಿ ಮಕ್ಕಳ ಪಾಡು ಇನ್ನೂ ಕಷ್ಟ: ಆ 21ರ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಕೂತಲ್ಲಿ ಕೂರದ ಅವರಿಗೆ ವಿಕಲಚೇತನರ ಕಾರ್ಡೂ ಇಲ್ಲ, ಕನಿಕರವೂ ಇಲ್ಲ, ‘ಪುಂಡ’ ಎಂಬ ಬಿರುದು ಮಾತ್ರ.

ಹಾಗೆಂದು ಎಲ್ಲವನ್ನೂ ತರಗತಿಯ ಶಿಕ್ಷಕಿಯ ತಲೆಗೆ ಕಟ್ಟಿದರೆ ಅದೂ ಅನ್ಯಾಯ. ಐದು ತರಗತಿಗೆ ಇಬ್ಬರೇ ಇರುವ ಶಾಲೆಯಲ್ಲಿ ನಾನೂ ಬೆವರು ಸುರಿಸಿದ್ದೇನೆ. ಇಂಥ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು ತಾಲ್ಲೂಕಿಗೆ ಬೆರಳೆಣಿಕೆ. ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತುವುದರಲ್ಲೇ ಅವರ ದಿನ ಮುಗಿಯುತ್ತದೆ. ಪ್ರಾಥಮಿಕದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬ ಎಂಬ ಪ್ರಮಾಣವನ್ನು ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲೇ ಹೇಳಿತು. 2025ರ ಮಾರ್ಚಿಯಲ್ಲಿ, ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಿ ಎಂದು ರಾಜ್ಯಗಳನ್ನು ಮತ್ತೆ ತಿವಿಯಬೇಕಾಯಿತು. ಆ ಹುದ್ದೆಗಳಲ್ಲಿ ನಮ್ಮ ನಾಲ್ಕು ತಾಲ್ಲೂಕಿನ ಪಾಲೆಷ್ಟು ಎಂದು ಕೇಳುವ ಶಾಸಕರು ಬೇಕು. ರಸ್ತೆಗೆ, ನೀರಿಗೆ ಕೇಳಿದಷ್ಟೇ ಗಟ್ಟಿಯಾಗಿ.

ಪಾವಗಡದ ಮಾತು ಬೇರೆಯೇ. ಸುತ್ತ ಆಂಧ್ರ, ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮಾತು ತಡವಾದ ಮಗುವಿನ ತಾಯಿಗೆ ‘ಮನೇಲಿ ತೆಲುಗು ನಿಲ್ಲಿಸಿ, ಎರಡು ಭಾಷೆಯಿಂದ ಕನ್‌ಫ್ಯೂಸ್ ಆಗ್ತಾನೆ’ ಎಂದು ಬುದ್ಧಿ ಹೇಳುವವರಿದ್ದಾರೆ. ಎರಡು ಭಾಷೆ ಕಿವಿಗೆ ಬಿದ್ದರೆ ಆಟಿಸಂ ಮಕ್ಕಳ ಮಾತು ಕೆಡುವುದಿಲ್ಲ ಎಂದು ಸಂಶೋಧನೆಗಳು ಮತ್ತೆ ಮತ್ತೆ ಕಂಡುಕೊಂಡಿವೆ. ಮಗು ಕಷ್ಟಪಟ್ಟು ಕಲಿತ ಮೊದಲ ಮಾತೇ ಅಮ್ಮನ ಭಾಷೆಯದು. ಅದನ್ನೂ ಕಿತ್ತುಕೊಂಡರೆ ಅಮ್ಮ ಜೋಗುಳ ಯಾವ ಭಾಷೆಯಲ್ಲಿ ಹಾಡಬೇಕು?

ತಾಯಿಯನ್ನು ದೂರುವ ಚಟ ನಮ್ಮದೊಂದೇ ಅಲ್ಲ. ಕಳೆದ ಶತಮಾನದ ಅಮೆರಿಕದಲ್ಲಿ, ತಾಯಿಯ ಪ್ರೀತಿ ತಣ್ಣಗಿದ್ದುದರಿಂದಲೇ ಮಗುವಿಗೆ ಆಟಿಸಂ ಬಂತೆಂದು ದೊಡ್ಡ ದೊಡ್ಡವರೇ ನಂಬಿದ್ದರು. ಆಟಿಸಂ ಇರುವ ಮಗನ ತಂದೆಯೂ ಮನಶ್ಶಾಸ್ತ್ರಜ್ಞನೂ ಆಗಿದ್ದ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲಿ ಪುಸ್ತಕ ಬರೆದು ಆ ವಾದವನ್ನು ಕೆಡವಿದ. ಅಲ್ಲಿ ಬಿದ್ದ ಗೋಡೆಯ ಇಟ್ಟಿಗೆಗಳನ್ನು ನಾವಿನ್ನೂ ಹೊತ್ತು ತಿರುಗುತ್ತಿದ್ದೇವೆ. ದಂಡಿನ ಮಾರಮ್ಮನಿಗೆ ಹರಕೆ, ಶನಿಮಹಾತ್ಮನಿಗೆ ಎಳ್ಳೆಣ್ಣೆ, ಸಿದ್ದರಬೆಟ್ಟದ ಬೇರು ಎಲ್ಲ ಆದ ಮೇಲೂ ಅತ್ತೆಯ ಬಾಯಲ್ಲಿ ಉಳಿಯುವುದು ‘ನಿಮ್ಮ ಕಡೆಯಿಂದಲೇ ಬಂದಿದ್ದು’ ಎಂಬ ಮಾತು. ಗಂಡಸರೇ, ಒಂದು ದಿನ ನೀವು ಕೂಲಿ ಬಿಟ್ಟು, ಅಂಗಡಿ ಮುಚ್ಚಿ ಆ ಮಗುವಿನ ಕೈ ಹಿಡಿದು ಶಾಲೆಗೆ ಬನ್ನಿ. ಮೂವತ್ತು ವರ್ಷದಲ್ಲಿ ಅಂಥ ತಂದೆಯರನ್ನು ನಾನು ಕಂಡದ್ದು ಮೂವರನ್ನೋ ನಾಲ್ವರನ್ನೋ.

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಗಲಾಟೆ ಮಾಡುತ್ತವೆ, ಹಿಕ್ಕೆ ಹಾಕುತ್ತವೆ, ವಾಸನೆ ಬರುತ್ತದೆ. ಊರವರು ಓಡಿಸಿಲ್ಲ, ಕಾಯ್ದುಕೊಂಡು ಬಂದಿದ್ದಾರೆ. ನಾನು ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದುಕೊಂಡು ಹೋಗಿ ಎಷ್ಟು ಒಳ್ಳೆಯ ಜನ ಎಂದು ಪಾಠ ಹೇಳಿದವಳು. ಆ ಪ್ರವಾಸದ ಪಟ್ಟಿಯಿಂದ, ಕುಳಿತಲ್ಲೇ ತೂಗುತ್ತ ಗುನುಗುವ ಒಬ್ಬ ಹುಡುಗಿಯ ಹೆಸರನ್ನು ಬಿಟ್ಟವಳೂ ನಾನೇ. ಬಸ್ಸಿನಲ್ಲಿ ತೊಂದರೆ ಕೊಡುತ್ತಾಳೆ ಎಂದು.

ಉಪನಿರ್ದೇಶಕರೇ, ಬಿಇಒ ಸಾಹೇಬರೇ, ಫಲಿತಾಂಶದ ಸಭೆಗೆ ಮುಖ್ಯ ಶಿಕ್ಷಕರನ್ನು ಕರೆಯುತ್ತೀರಲ್ಲ, ಅದೇ ಸಭೆಯಲ್ಲಿ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿ: ಈ ವರ್ಷ ಎಷ್ಟು ಮಕ್ಕಳಿಗೆ ಟೀಸಿ ಕೊಟ್ಟಿರಿ, ಯಾಕೆ? ಸಮಗ್ರ ಶಿಕ್ಷಣದಲ್ಲಿ ಈ ಮಕ್ಕಳಿಗೆ ಪ್ರಯಾಣ ಭತ್ಯೆ, ಬೆಂಗಾವಲು ಭತ್ಯೆ ಇದೆ. ತಾಯಿ ಅರ್ಜಿ ಹಿಡಿದು ಬರಲಿ ಎಂದು ಕಾಯಬೇಡಿ. ಪ್ರಮಾಣಪತ್ರದ ಶಿಬಿರ ಮಧುಗಿರಿಯಲ್ಲೂ ಪಾವಗಡದಲ್ಲೂ ಏಪ್ರಿಲ್‌ನಲ್ಲೇ ಆಗುವಂತೆ ಆರೋಗ್ಯ ಇಲಾಖೆಯನ್ನು ಹಿಡಿದು ಕೂರಿಸಿ. ಎಸ್‌ಡಿಎಂಸಿಯವರೇ, ಪ್ರಾರಂಭೋತ್ಸವಕ್ಕೆ ತಮಟೆ ಬೇಡ. ಒಂದು ವರ್ಷ ಬಿಟ್ಟು ನೋಡಿ.

ಮಿಸ್ಸುಗಳೇ, ನಿಮಗೆ ದೊಡ್ಡ ಕೆಲಸ ಹೇಳುವುದಿಲ್ಲ. ಮಾರ್ಚಿಯಲ್ಲಿ ಮಗುವಿನ ಬಗ್ಗೆ ಒಂದು ಪುಟ ಬರೆದಿಡಿ: ಏನು ಕಂಡರೆ ಹೆದರುತ್ತದೆ, ಎಲ್ಲಿ ಕೂತರೆ ಕಲಿಯುತ್ತದೆ. ಮುಂದೆ ಬರುವವಳಿಗೆ ಅದೇ ಕೈದೀಪ. ಮೇ ಕೊನೆಯಲ್ಲಿ, ಮಕ್ಕಳು ಬರುವ ಮುನ್ನ, ಶಾಲೆ ತೊಳೆಯಲು ಹೇಗಿದ್ದರೂ ಹೋಗುತ್ತೀರಿ. ಬೀಗದ ಕೈ ನಿಮ್ಮ ಹತ್ತಿರವೇ ಇರುತ್ತದೆ. ಅವತ್ತು ಆ ಮಗುವನ್ನು ಕರೆಸಿ. ಖಾಲಿ ಕೋಣೆಯಲ್ಲಿ ಓಡಾಡಲಿ, ನಲ್ಲಿ ತಿರುಗಿಸಲಿ, ಬೆಂಚು ತಾನೇ ಆರಿಸಿಕೊಳ್ಳಲಿ. ಬೆಲ್ಲನ್ನು ಅದರ ಕೈಯಿಂದಲೇ ಒಂದು ಸಲ ಹೊಡೆಸಿ. ತಾಯಿಯ ಫೋನ್ ನಂಬರು ದಾಖಲಾತಿ ಪುಸ್ತಕದಲ್ಲೇ ಇದೆ.