ಹೋರಿ ಫೋಟೋ ಬಿಡ್ರಿ, ವಂಶ ಕೇಳ್ರಿ

ವಾಟ್ಸಾಪ್‌ನಲ್ಲಿ ಹೋರಿ ಫೋಟೋ ಬರುತ್ತೆ. ಕೆಳಗೆ ಒಂದೇ ಸಾಲು: 'ಪಕ್ಕಾ ಕೃಷ್ಣಾ ವ್ಯಾಲಿ, ಶುದ್ಧ ದೇಸಿ'. ಹುಬ್ಬಳ್ಳಿ-ಧಾರವಾಡ ಕಡೆಯ ನಮ್ಮ ಹುಡುಗರು ಅಷ್ಟಕ್ಕೇ ಮುಂಗಡ ಹಾಕ್ತಾರೆ. ಆಪೂಸ್ ಮಾವಿನ ಸಸಿ ತರುವಾಗ ತಾಯಿಗಿಡ ಯಾವುದು ಅಂತ ಕೇಳುವ ನಾವು, ಹೋರಿಗೆ ಯಾಕೆ ಕೇಳಲ್ಲ?

ಕೊಂಬು, ಬಣ್ಣ, ಡುಬ್ಬ ನೋಡಿದರೆ ವಂಶ ತಿಳಿಯಲ್ಲ. ಅದು ಡಿಎನ್‌ಎಯಲ್ಲಿದೆ. ದನದ ಜೀವಕೋಶದಲ್ಲಿ 60 ಕ್ರೋಮೋಸೋಮುಗಳಿವೆ. ಅವುಗಳಲ್ಲಿ ಒಂದೇ ಅಕ್ಷರಗಳು ಭಜನೆಯ ಪಲ್ಲವಿಯಂತೆ ಮತ್ತೆ ಮತ್ತೆ ಬರುವ ಜಾಗಗಳಿವೆ. ಉದ್ದನೆಯ ಪಲ್ಲವಿಗಳು ಹೆಚ್ಚಾಗಿ ಕ್ರೋಮೋಸೋಮಿನ ಗಂಟಿನಲ್ಲಿ, ಅಂದರೆ ಸೆಂಟ್ರೋಮಿಯರ್ ಬಳಿ ಗುಂಪಾಗಿವೆ. ಸಣ್ಣವು ಎಲ್ಲಾ ಕಡೆ ಚದುರಿವೆ. ಇವೇ ಮೈಕ್ರೋಸ್ಯಾಟಲೈಟ್‌ಗಳು. ಒಂದೇ ಜಾಗದಲ್ಲಿ 'ಸಿಎ' ಜೋಡಿ ಒಂದು ದನಕ್ಕೆ 12 ಸಲ ಇದ್ದರೆ ಇನ್ನೊಂದಕ್ಕೆ 17 ಸಲ ಇರಬಹುದು. ಕರುವಿಗೆ ಒಂದು ಎಣಿಕೆ ತಾಯಿಯಿಂದ, ಒಂದು ತಂದೆಯಿಂದ. ಇಂಥ ಹಲವು ಜಾಗ ಹೋಲಿಸಿದರೆ, ಹೇಳಿದ ಹೋರಿ ನಿಜವಾದ ಅಪ್ಪ ಹೌದೋ ಅಲ್ಲವೋ ಗೊತ್ತಾಗುತ್ತೆ. ತಳಿಗಳ ಹೋಲಿಕೆಗೆ ಎಫ್‌ಎಒ ಸೂಚಿಸಿರುವುದು 30 ಜಾಗ.

ವೈ ಕ್ರೋಮೋಸೋಮೂ ಸುಳಿವು ಕೊಡುತ್ತೆ. ನಮ್ಮ ಡುಬ್ಬದ ದನಗಳಲ್ಲಿ ಅದರ ಗಂಟು ತುದಿಯಲ್ಲಿ, ಜರ್ಸಿ, ಎಚ್‌ಎಫ್‌ಗಳಲ್ಲಿ ನಡುವಿನ ಕಡೆಗೆ. ಆದ್ರೆ ವೈ ಬರೋದು ಅಪ್ಪನಿಂದ ಮಾತ್ರ. ತಾಯಿ ಜರ್ಸಿ ಮಿಶ್ರ ಇದ್ರೂ ವೈ ದೇಸಿಯಂತೇ ಕಾಣುತ್ತೆ. ಅದೊಂದನ್ನೇ ನಂಬಬೇಡಿ.

ನನ್ನ ಮಾತು ಇಷ್ಟೇ: 'ಶುದ್ಧವಾ?' ಅನ್ನೋ ಪ್ರಶ್ನೆನೇ ತಪ್ಪು. ಎರೆಭೂಮಿ ಉಳಲು ಬೆಳೆಸಿದ ಕೃಷ್ಣಾ ವ್ಯಾಲಿ ತಳಿ ಹುಟ್ಟಿದ್ದೇ ಗಿರ್, ಓಂಗೋಲ್, ಕಾಂಕ್ರೇಜ್ ಮತ್ತು ಸ್ಥಳೀಯ ದನಗಳ ಬೆರಕೆಯಿಂದ. ಈಗ ಉಳಿದಿರೋದು ಕಡಿಮೆ. ಫೋಟೋದಲ್ಲಿ ಚಂದ ಕಂಡ ಒಂದೇ ಹೋರಿಗೆ ಎಲ್ಲರೂ ಮುಗಿಬಿದ್ದರೆ, ನಾಲ್ಕೈದು ವರ್ಷದಲ್ಲಿ ಅಪ್ಪನಿಗೇ ಮಗಳನ್ನು ಕೂಡಿಸಿರ್ತೀವಿ. ಹಾಗಾದರೆ ಕರು ಸೊರಗುತ್ತೆ, ಗಬ್ಬ ನಿಲ್ಲೋದೂ ಕಷ್ಟ. ಕೇಳಬೇಕಾದ್ದು 'ಯಾರ ಮಗ?' ಅಂತ.

ಪ್ರತಿ ದನಕ್ಕೂ ಲ್ಯಾಬ್ ಪರೀಕ್ಷೆ ಮಾಡಿಸಿ ಅಂತಿಲ್ಲ. ಊರಿನವರು ಸೇರಿ ಹೋರಿ ಕೊಳ್ಳುವಾಗ ತಂದೆ-ತಾಯಿಯ ದಾಖಲೆ ಕೇಳಿ, ಅನುಮಾನವಿದ್ದರೆ ಪರೀಕ್ಷೆ ಮಾಡಿಸಿ. ಕೃತಕ ಗರ್ಭಧಾರಣೆ ಮಾಡಿಸಿದರೆ ಸ್ಟ್ರಾ ಮೇಲಿನ ಹೋರಿ ನಂಬರ್, ಹಸುವಿನ ಕಿವಿಯೋಲೆಯ 12 ಅಂಕಿ, ಎರಡರ ಫೋಟೋ ಅವತ್ತೇ ತೆಗೆದು ತಾರೀಖು ಬರೆದಿಡಿ. ಈ ಫೋಟೋಗೆ ಮಾತ್ರ ಬೆಲೆ ಐತಿ ನೋಡ್ರಿ.